ಇಬ್ಬರು ಚಂದ್ರಶೇಖರರು, ಒಂದು ಕಿಟಕಿ

ಕಳೆದ ವರ್ಷ ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ನನ್ನ ವೈನಿಯವರಿಗೆ ಸಣ್ಣ ಶಸ್ತ್ರಚಿಕಿತ್ಸೆಯೊಂದು ನಡೆಯಿತು. ಖಾನಾಪುರ ತಾಲ್ಲೂಕಿನ ನಮ್ಮ ಹಳ್ಳಿಯ ಹೆಂಚಿನ ಮನೆಯಲ್ಲಿಯೇ ಐವತ್ತು ವರ್ಷ ಬಾಳಿದ ಜೀವ ಅವರದು. ಆಸ್ಪತ್ರೆಯ ಕೋಣೆಗೂ ಹೊರಗಿನ ಪಡಸಾಲೆಗೂ ನಡುವೆ ನೆಲದಿಂದ ಛಾವಣಿಯವರೆಗೆ ಗಾಜು. ಅದಕ್ಕೆ ಪರದೆ ಇರಲಿಲ್ಲ. ಹೋಗಿಬರುವವರೆಲ್ಲ ಇಣುಕಿ ನೋಡುವಂತಿದ್ದ ಆ ಜಾಗದಲ್ಲಿ ಮಲಗಲು ಅವರಿಗೆ ಸಂಕೋಚ. ದಾದಿಯೊಬ್ಬಳು ನಕ್ಕು, ಗೋಡೆಯ ಮೇಲಿದ್ದ ಗುಂಡಿಯನ್ನು ಒತ್ತಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಗಾಜು ಹಾಲು ಸವರಿದಂತೆ ಬೆಳ್ಳಗಾಯಿತು. ಬೆಳಕು ಒಳಗೆ ಬರುತ್ತಲೇ ಇತ್ತು, ಆಚೆಯ ಮುಖಗಳು ಮಾತ್ರ ಕಾಣಿಸಲಿಲ್ಲ. ಮರುದಿನ ವೈದ್ಯರು ಬಂದಾಗ ಅದೇ ಗಾಜು ತಿಳಿಯಾಯಿತು. ಅವರು ಮಾತನಾಡುತ್ತಿದ್ದಂತೆಯೇ ವಿದ್ಯುತ್ ಹೋಯಿತು, ಗಾಜು ಯಾರೂ ಮುಟ್ಟದೆ ತಾನಾಗಿಯೇ ಮತ್ತೆ ಮಂಜಾಯಿತು.

ವೈನಿ ನನ್ನ ಮುಖ ನೋಡಿದರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಲೇಜಿನಲ್ಲಿ ಭೌತವಿಜ್ಞಾನ ಪಾಠ ಮಾಡಿದ ಮೈದುನನಿಗೆ ಇದರ ಗುಟ್ಟು ಗೊತ್ತಿರಲೇಬೇಕು ಎಂಬುದು ಅವರ ನಂಬಿಕೆ. ನಮ್ಮ ಮನೆಯ ಅಡುಗೆಮನೆಯ ಮಾಡಿನಲ್ಲಿ ಒಂದು ಗಾಜಿನ ಹೆಂಚಿದೆ. ಖಾನಾಪುರದ ಮಳೆಗಾಲದಲ್ಲಿ ಅದರ ಮೇಲೆ ಪಾಚಿ ಕಟ್ಟುತ್ತದೆ, ದೀಪಾವಳಿಯ ಮುನ್ನ ಯಾರಾದರೂ ಏಣಿ ಹತ್ತಿ ಉಜ್ಜಬೇಕು. ಗಾಜು ಮಂಜಾಗುವುದಕ್ಕೆ ವೈನಿ ಬಲ್ಲ ಕಾರಣ ಅದೊಂದೇ. ಗುಂಡಿ ಒತ್ತಿದರೆ ಮಂಜಾಗುವ ಗಾಜಿನ ಬಗ್ಗೆ ನನಗೆ ತಿಳಿದಷ್ಟನ್ನು ಹೇಳಿದೆ. ಹೇಳುತ್ತ ಹೋದಂತೆ, ನಲವತ್ತು ವರ್ಷಗಳ ಹಿಂದೆ ಇದೇ ವಿಷಯದಲ್ಲಿ ತರಗತಿಯೊಂದರಲ್ಲಿ ನಾನು ಮಾಡಿದ ತಪ್ಪೊಂದು ನೆನಪಾಗಿ ಮಾತು ತಡವರಿಸಿತು.

ಅದು 1983ನೇ ಇಸವಿ. ನಾನಾಗ ಹೊಸ ಅಧ್ಯಾಪಕ. ಖಾನಾಪುರದಿಂದ ದಿನವೂ ರೈಲಿನಲ್ಲಿ ಬರುತ್ತಿದ್ದ ಹುಡುಗನೊಬ್ಬನ ಕೈಯಲ್ಲಿ, ಗೋವಾದಲ್ಲಿ ದುಡಿಯುತ್ತಿದ್ದ ಅವನ ಅಣ್ಣ ತಂದುಕೊಟ್ಟಿದ್ದ ಡಿಜಿಟಲ್ ಗಡಿಯಾರವಿತ್ತು. ಮುಳ್ಳುಗಳಿಲ್ಲದ ಆ ಗಡಿಯಾರದಲ್ಲಿ ಕಪ್ಪು ಅಂಕಿಗಳು ಮೂಡುವುದು ಹೇಗೆಂದು ಕೇಳಿದ. ದ್ರವಸ್ಫಟಿಕದ ಹೆಸರು ಹೇಳಿದೆ. ಆತ ಎಲ್ಲಿಯೋ ಓದಿಕೊಂಡು ಬಂದಿದ್ದ. ಆ ವಿಷಯದಲ್ಲಿ ಎಸ್. ಚಂದ್ರಶೇಖರ್ ಎಂಬ ಭಾರತೀಯರ ಹೆಸರಿದೆಯಲ್ಲ, ಅವರು ಯಾರು ಎಂಬುದು ಅವನ ಎರಡನೆಯ ಪ್ರಶ್ನೆ. ಆ ವರ್ಷವಷ್ಟೇ ಷಿಕಾಗೋದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರಿಗೆ ನಕ್ಷತ್ರಗಳ ವಿಕಾಸದ ಅಧ್ಯಯನಕ್ಕಾಗಿ ನೊಬೆಲ್ ಬಹುಮಾನ ಬಂದಿತ್ತು. ಪತ್ರಿಕೆಗಳ ತುಂಬ ಅವರ ಚಿತ್ರ. ಕ್ಷಣವೂ ಯೋಚಿಸದೆ, ಅವರೇ ಇವರು ಎಂದುಬಿಟ್ಟೆ. ಅಷ್ಟು ದೊಡ್ಡ ಮನುಷ್ಯ ನಕ್ಷತ್ರವನ್ನೂ ನೋಡಿರಬಹುದು, ಗಡಿಯಾರವನ್ನೂ ನೋಡಿರಬಹುದು ಎಂದು ನನ್ನ ಮನಸ್ಸು ಒಪ್ಪಿಕೊಂಡಿತ್ತು. ಹುಡುಗ ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡ.

ದ್ರವಸ್ಫಟಿಕದ ಚಂದ್ರಶೇಖರ್ ಬೇರೆಯವರು. ಅವರು ಶಿವರಾಮಕೃಷ್ಣ ಚಂದ್ರಶೇಖರ್. ನಾನು ಹಾಗೆ ಪಾಠ ಹೇಳಿದ ಅದೇ 1983ರಲ್ಲಿ ಅವರೂ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆಗಿ ಆಯ್ಕೆಯಾಗಿದ್ದರು. ನಾನು ನಿಂತು ಪಾಠ ಮಾಡುತ್ತಿದ್ದ ಬೆಳಗಾವಿಯಿಂದ ಒಂದು ರಾತ್ರಿಯ ಬಸ್ ಪ್ರಯಾಣದ ದೂರದಲ್ಲಿ, ಬೆಂಗಳೂರಿನಲ್ಲಿಯೇ ಅವರು ಕೆಲಸ ಮಾಡುತ್ತಿದ್ದರು.

ಹೆಸರಿನ ಈ ಗೊಂದಲಕ್ಕೆ ಮನೆತನವೂ ಸ್ವಲ್ಪ ಕಾರಣ. ಇಬ್ಬರೂ ಸರ್ ಸಿ.ವಿ. ರಾಮನ್ ಅವರ ಬಂಧುಗಳು. ನೊಬೆಲ್ ಪಡೆದವರು ರಾಮನ್ ಅವರ ಅಣ್ಣನ ಮಗ. ನಮ್ಮವರು ರಾಮನ್ ಅವರ ತಂಗಿ ಸೀತಾಲಕ್ಷ್ಮಿಯವರ ಮಗ. ಅಂದರೆ ಇವರಿಬ್ಬರೂ ಒಬ್ಬರಿಗೊಬ್ಬರು ಸೋದರಮಾವ, ಸೋದರತ್ತೆಯರ ಮಕ್ಕಳು. ಸೀತಾಲಕ್ಷ್ಮಿಯವರ ಹೊಟ್ಟೆಯಲ್ಲಿ ಮೂವರು ಭೌತವಿಜ್ಞಾನಿಗಳು ಹುಟ್ಟಿದರು. ಹಿರಿಯರಾದ ಎಸ್. ರಾಮಶೇಷನ್ ಸ್ಫಟಿಕವಿಜ್ಞಾನದಲ್ಲಿ ಹೆಸರು ಮಾಡಿ, ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಕಿರಿಯರಾದ ಪಂಚರತ್ನಂ ಧ್ರುವೀಕೃತ ಬೆಳಕಿನ ಮೇಲೆ ಮಾಡಿದ ಕೆಲಸದ ನಿಜವಾದ ಬೆಲೆ ಲೋಕಕ್ಕೆ ತಿಳಿಯುವ ಹೊತ್ತಿಗೆ ಅವರೇ ಇರಲಿಲ್ಲ. 1969ರಲ್ಲಿ, ಮೂವತ್ತೈದರ ಹರೆಯದಲ್ಲಿ ಆಕ್ಸ್‌ಫರ್ಡಿನಲ್ಲಿ ತೀರಿಕೊಂಡಿದ್ದರು. ನಡುವಿನವರು ಚಂದ್ರಶೇಖರ್. 1930ರ ಆಗಸ್ಟ್ 6ರಂದು ಕೊಲ್ಕತ್ತದಲ್ಲಿ ಹುಟ್ಟಿ, ನಾಗಪುರ ವಿಶ್ವವಿದ್ಯಾಲಯದಲ್ಲಿ ಎಂ.ಎಸ್‌ಸಿ. ಮುಗಿಸಿ, ಬೆಂಗಳೂರಿನಲ್ಲಿ ಸೋದರಮಾವನ ಸಂಶೋಧನಾಲಯ ಸೇರಿದರು. ಸ್ಫಟಿಕಗಳ ಮೂಲಕ ಹಾಯುವಾಗ ಬೆಳಕಿನ ಧ್ರುವೀಕರಣದ ದಿಕ್ಕು ಹೇಗೆ ತಿರುಗುತ್ತದೆ ಎಂಬ ಅಳತೆಗಳಿಗಾಗಿ 1954ರಲ್ಲಿ ನಾಗಪುರ ವಿಶ್ವವಿದ್ಯಾಲಯದ ಡಿ.ಎಸ್‌ಸಿ. ಪದವಿ ದೊರೆಯಿತು.

ಅಲ್ಲಿಂದ ಕೇಂಬ್ರಿಜ್‌ನ ಕ್ಯಾವೆಂಡಿಷ್ ಪ್ರಯೋಗಾಲಯ. ಕ್ಷ-ಕಿರಣ ಮತ್ತು ನ್ಯೂಟ್ರಾನ್‌ಗಳು ಸ್ಫಟಿಕದಿಂದ ಚದುರುವ ರೀತಿಯ ಮೇಲೆ ಎರಡನೆಯ ಡಾಕ್ಟರೇಟ್. ಬಳಿಕ ಲಂಡನ್ನಿನಲ್ಲಿ ಕೆಲಕಾಲ. ಇಲ್ಲಿಯವರೆಗಿನ ಕಥೆ ಆ ತಲೆಮಾರಿನ ಅನೇಕ ಜಾಣರ ಕಥೆಯೇ. ಹೊರಗೇ ಉಳಿದಿದ್ದರೆ ಒಳ್ಳೆಯ ಸ್ಫಟಿಕವಿಜ್ಞಾನಿ ಎಂದು ಹೆಸರಾಗುತ್ತಿದ್ದರು, ಅನುಮಾನವಿಲ್ಲ.

1961ರಲ್ಲಿ ಅವರು ಮೈಸೂರಿಗೆ ಬಂದರು. ಆಗ ಮಾನಸಗಂಗೋತ್ರಿ ಇನ್ನೂ ಎಳೆಯದು. ಕುವೆಂಪು ಕುಲಪತಿಗಳಾಗಿದ್ದಾಗ ಕಲ್ಪಿಸಿದ ಆ ಆವರಣ ರೂಪು ತಳೆದು ಒಂದೆರಡು ವರ್ಷವಷ್ಟೇ ಆಗಿತ್ತು. ಅಲ್ಲಿನ ಭೌತವಿಜ್ಞಾನ ವಿಭಾಗಕ್ಕೆ ಮೊದಲ ಮುಖ್ಯಸ್ಥರಾಗಿ ಬಂದಾಗ ಚಂದ್ರಶೇಖರ್ ಅವರಿಗೆ ಮೂವತ್ತೊಂದು ವರ್ಷ. ತಮ್ಮ ಪಂಚರತ್ನಂ ಕೂಡ ಕೆಲಕಾಲ ಅಲ್ಲಿಯೇ ಪಾಠ ಮಾಡಿದರು. ಹೊಸ ವಿಭಾಗವೆಂದರೆ ಏನೆಂದು ನಮ್ಮಂಥ ಅಧ್ಯಾಪಕರಿಗೆ ಗೊತ್ತು. ಪಾಠದ ಪಟ್ಟಿ, ಪರೀಕ್ಷೆ, ಬೀರುಗಳ ಬೀಗದ ಕೈ, ಉಪಕರಣಗಳ ಟೆಂಡರು, ಇವುಗಳ ನಡುವೆ ಸಂಶೋಧನೆಗೆ ಉಳಿಯುವುದು ಸಂಜೆಯ ಒಂದಿಷ್ಟು ಹೊತ್ತು. ಕೇಂಬ್ರಿಜ್‌ನಲ್ಲಿದ್ದಂಥ ಯಂತ್ರಗಳನ್ನು ಮೈಸೂರಿನಲ್ಲಿ ಕಲ್ಪಿಸಿಕೊಳ್ಳುವುದೂ ಕಷ್ಟವಿತ್ತು. ಇಂಥ ಸ್ಥಿತಿಯಲ್ಲಿ ಬಹಳ ಜನ ಹಳೆಯ ವಿಷಯವನ್ನೇ ಇನ್ನಷ್ಟು ಸಣ್ಣದಾಗಿ ಮುಂದುವರಿಸುತ್ತಾರೆ. ಚಂದ್ರಶೇಖರ್ ವಿಷಯವನ್ನೇ ಬದಲಿಸಿದರು. ಆಗ ಹೆಚ್ಚು ಮಂದಿ ತಿರುಗಿಯೂ ನೋಡದಿದ್ದ ದ್ರವಸ್ಫಟಿಕವನ್ನು ಕೈಗೆತ್ತಿಕೊಂಡರು. ಅವರ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು, ಮುಂದೆ ಬಂದ ಪದಕಗಳಿಗಿಂತಲೂ ಈ ನಿರ್ಧಾರ.

ದ್ರವಸ್ಫಟಿಕದ ಜನ್ಮವೃತ್ತಾಂತ ವಿಚಿತ್ರವಾದುದು. 1888ರಲ್ಲಿ ಪ್ರಾಗ್ ನಗರದ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಸರ್ ಗಜ್ಜರಿಯಲ್ಲಿನ ಕೊಲೆಸ್ಟರಾಲನ್ನು ಅಧ್ಯಯನ ಮಾಡುತ್ತಿದ್ದರು. ಅದರಿಂದ ತಯಾರಿಸಿದ ಸಂಯುಕ್ತವೊಂದನ್ನು ಕಾಯಿಸಿದಾಗ 145.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಕರಗಿತು. ಆದರೆ ನೀರಿನಂತೆ ತಿಳಿಯಾಗದೆ ಕಲಕಿದ ದ್ರವವಾಯಿತು. ಇನ್ನೂ ಕಾಯಿಸಿದಾಗ 178.5 ಡಿಗ್ರಿಯಲ್ಲಿ ಥಟ್ಟನೆ ತಿಳಿಯಾಯಿತು. ಒಂದೇ ವಸ್ತು ಎರಡು ಸಲ ಕರಗುವುದೆಂದರೇನು? ರೈನಿಟ್ಸರ್ ತಮ್ಮ ಮಾದರಿಯನ್ನು ಜರ್ಮನಿಯ ಒಟ್ಟೊ ಲೇಮನ್ ಅವರಿಗೆ ಕಳಿಸಿದರು. ಕಾಯಿಸುತ್ತಲೇ ನೋಡಬಹುದಾದ ಸೂಕ್ಷ್ಮದರ್ಶಕ ಅವರ ಬಳಿಯಿತ್ತು. ಆ ಕಲಕಿದ ದ್ರವ ಹರಿಯುವುದೂ ನಿಜ, ಬೆಳಕಿನೊಡನೆ ಸ್ಫಟಿಕದಂತೆ ವರ್ತಿಸುವುದೂ ನಿಜ ಎಂದು ಲೇಮನ್ ಕಂಡುಕೊಂಡರು.

ಘನ ಮತ್ತು ದ್ರವಗಳ ನಡುವಿನ ಈ ಸ್ಥಿತಿಯನ್ನು ನಮ್ಮ ಕಡೆಯವರಿಗೆ ವಿವರಿಸಲು ನಾನು ಮಲಪ್ರಭೆಯ ಉದಾಹರಣೆ ಕೊಡುತ್ತಿದ್ದೆ. ಕಣಕುಂಬಿಯಲ್ಲಿ ಹುಟ್ಟಿ ಖಾನಾಪುರದ ಮಗ್ಗುಲಲ್ಲಿ ಹರಿಯುವ ಆ ಹೊಳೆಗೆ ಆಷಾಢದಲ್ಲಿ ನೆರೆ ಬಂದಾಗ ಕಾಡಿನ ಬಿದಿರುಗಳು ತೇಲಿಬರುತ್ತವೆ. ಯಾವ ಬಿದಿರೂ ಇದ್ದಲ್ಲಿ ಇರುವುದಿಲ್ಲ, ಒಂದನ್ನೊಂದು ದಾಟಿ ಸಾಗುತ್ತವೆ. ಆದರೂ ಬಹುಪಾಲು ಬಿದಿರುಗಳ ತಲೆ ಒಂದೇ ದಿಕ್ಕಿಗೆ. ದ್ರವಸ್ಫಟಿಕದ ಕಡ್ಡಿಯಾಕಾರದ ಅಣುಗಳೂ ಹೀಗೆಯೇ: ಸ್ಥಾನಕ್ಕೆ ಶಿಸ್ತಿಲ್ಲ, ದಿಕ್ಕಿಗೆ ಶಿಸ್ತಿದೆ. ಬಿದಿರನ್ನು ನೀರು ತಿರುಗಿಸಿದರೆ ಈ ಅಣುಗಳನ್ನು ವಿದ್ಯುತ್ ಕ್ಷೇತ್ರ ತಿರುಗಿಸುತ್ತದೆ. ಅಣುವಿನ ದಿಕ್ಕು ಬದಲಾದರೆ ಬೆಳಕಿನ ನಡೆಯೂ ಬದಲಾಗುತ್ತದೆ. ಗಡಿಯಾರದ ಅಂಕಿ, ಕಂಪ್ಯೂಟರಿನ ಪರದೆ, ಆಸ್ಪತ್ರೆಯ ಕಿಟಕಿ, ಎಲ್ಲದರ ಬೀಜವೂ ಇಷ್ಟೇ.

ಚಂದ್ರಶೇಖರ್ ತಾವು ಹಿಂದೆ ಕಲಿತದ್ದನ್ನು ಮೈಸೂರಿನಲ್ಲಿ ಬಿಸಾಡಲಿಲ್ಲ, ಹೊಸ ಹೊಲಕ್ಕೆ ಗೊಬ್ಬರವಾಗಿಸಿದರು. ರೈನಿಟ್ಸರ್ ಕಂಡಂಥ ಕೊಲೆಸ್ಟರಾಲ್ ಬಗೆಯ ದ್ರವಸ್ಫಟಿಕದಲ್ಲಿ ಅಣುಗಳ ದಿಕ್ಕು ಪದರದಿಂದ ಪದರಕ್ಕೆ ಸ್ವಲ್ಪ ಸ್ವಲ್ಪವೇ ತಿರುಗುತ್ತ, ಸುರುಳಿ ಮೆಟ್ಟಿಲಿನಂತಿರುತ್ತದೆ. ಬೆಳಕು ಅದರಲ್ಲಿ ಬಣ್ಣಬಣ್ಣವಾಗಿ ಮರಳುವುದೇಕೆ? ಕ್ಷ-ಕಿರಣಗಳು ಸ್ಫಟಿಕದ ಪದರಗಳಿಂದ ಮರಳುವುದಕ್ಕೆ ಇದ್ದ ಸಿದ್ಧಾಂತವನ್ನೇ ಅವರು ಈ ಸುರುಳಿಗೆ ಅನ್ವಯಿಸಿದರು. ಕೇಂಬ್ರಿಜ್‌ನ ಕ್ಷ-ಕಿರಣವೂ, ರಾಮನ್ ಅವರ ಬಳಿ ಕಲಿತ ಧ್ರುವೀಕರಣವೂ ಮೈಸೂರಿನ ಒಂದೇ ಲೆಕ್ಕದಲ್ಲಿ ಕೂಡಿದವು. ಎನ್.ವಿ. ಮಧುಸೂದನ, ಜಿ.ಎಸ್. ರಂಗನಾಥ್ ಮೊದಲಾದವರು ಅವರ ಬಳಿ ಬೆಳೆದು ಮುಂದೆ ತಾವೇ ಈ ಕ್ಷೇತ್ರದಲ್ಲಿ ಹೆಸರಾದರು. ಲೋಕದ ಗಮನ ಇತ್ತ ಹರಿಯುವುದಕ್ಕೆ ಮೊದಲೇ ಮೈಸೂರಿನಲ್ಲಿ ಒಂದು ತಂಡ ಸಿದ್ಧವಾಗಿತ್ತು. 1968ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿ ದ್ರವಸ್ಫಟಿಕದ ಪ್ರದರ್ಶಕವನ್ನು ಜಗತ್ತಿಗೆ ತೋರಿಸಿದಾಗ, ಚಂದ್ರಶೇಖರ್ ಈ ದಾರಿಯಲ್ಲಿ ಆಗಲೇ ಕೆಲವು ವರ್ಷ ನಡೆದಿದ್ದರು.

ರಾಮನ್ 1970ರ ನವೆಂಬರಿನಲ್ಲಿ ತೀರಿಕೊಂಡರು. ಮರುವರ್ಷ ಚಂದ್ರಶೇಖರ್ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು ಅಲ್ಲಿ ದ್ರವಸ್ಫಟಿಕ ಪ್ರಯೋಗಾಲಯ ಕಟ್ಟಿದರು. ಅವರ ಜಾಣತನ ಕಾಣುವುದು ಆ ಪ್ರಯೋಗಾಲಯದ ರಚನೆಯಲ್ಲಿ. ಅಳೆಯುವ ಭೌತವಿಜ್ಞಾನಿಗಳ ಜೊತೆಗೆ ಹೊಸ ಅಣುಗಳನ್ನು ತಯಾರಿಸುವ ರಸಾಯನವಿಜ್ಞಾನಿಗಳನ್ನೂ ಒಂದೇ ಸೂರಿನಡಿ ತಂದರು. ಬೇರೆಯವರು ಕಳಿಸಿದ ಪುಡಿಗಾಗಿ ಕಾಯುವ ಪ್ರಯೋಗಾಲಯ ತನ್ನದೇ ಪ್ರಶ್ನೆ ಕೇಳಲಾರದು ಎಂಬುದನ್ನು ಅವರು ಅರಿತಿದ್ದರೆಂದು ಕಾಣುತ್ತದೆ. 1973ರಲ್ಲಿಯೇ ಬೆಂಗಳೂರಿನಲ್ಲಿ ದ್ರವಸ್ಫಟಿಕಗಳ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು.

ಈಗ 1977ಕ್ಕೆ ಬರೋಣ. ರೈನಿಟ್ಸರ್ ಕಾಲದಿಂದ ಸುಮಾರು ತೊಂಬತ್ತು ವರ್ಷ, ದ್ರವಸ್ಫಟಿಕವಾಗಬೇಕಾದರೆ ಅಣು ಉದ್ದವಾಗಿ ಕಡ್ಡಿಯಂತಿರಬೇಕು ಎಂಬುದೇ ರೂಢಿಯ ತಿಳಿವಳಿಕೆಯಾಗಿತ್ತು. ಸಾವಿರಾರು ಸಂಯುಕ್ತಗಳು ಆ ಮಾತಿಗೆ ಸಾಕ್ಷಿ ನುಡಿದಿದ್ದವು. ಅಣು ತಟ್ಟೆಯಂತೆ ಚಪ್ಪಟೆಯಾಗಿದ್ದರೆ? ಈ ಪ್ರಶ್ನೆಯನ್ನು ಹಿಡಿದು ಚಂದ್ರಶೇಖರ್, ರಸಾಯನವಿಜ್ಞಾನಿ ಬಿ.ಕೆ. ಸದಾಶಿವ, ಭೌತವಿಜ್ಞಾನಿ ಕೆ.ಎ. ಸುರೇಶ್ ಮೂವರೂ ಕೆಲಸಕ್ಕಿಳಿದರು. ಬೆಂಜೀನ್ ಉಂಗುರದ ಆರೂ ಮೂಲೆಗಳಿಗೆ ಬಾಲದಂಥ ಸರಪಳಿಗಳನ್ನು ಜೋಡಿಸಿದ ಅಣುಗಳನ್ನು ಸದಾಶಿವ ತಯಾರಿಸಿದರು. ಅವುಗಳಲ್ಲಿ ಕೆಲವು, ಕರಗಿದ ಮೇಲೆ ಪೂರ್ತಿ ತಿಳಿಯಾಗುವ ಮುನ್ನ ಕೆಲವೇ ಡಿಗ್ರಿಗಳ ಅಂತರದಲ್ಲಿ, ಹಿಂದೆಂದೂ ಕಾಣದ ಸ್ಥಿತಿಯೊಂದನ್ನು ತೋರಿದವು. ಕ್ಷ-ಕಿರಣ ಹಾಯಿಸಿ ನೋಡಿದಾಗ ಒಳಗಿನ ಜೋಡಣೆ ಬಯಲಾಯಿತು. ನಮ್ಮ ಮನೆಗಳಲ್ಲಿ ಖಡಕ್ ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿಡುತ್ತೇವಲ್ಲ, ಹಾಗೆ ತಟ್ಟೆ-ಅಣುಗಳು ಪೇರಿಕೊಂಡು ಕಂಬಗಳಾಗಿದ್ದವು. ಕಂಬಗಳು ಜೇನುಗೂಡಿನ ವಿನ್ಯಾಸದಲ್ಲಿ ಒಂದರ ಪಕ್ಕ ಒಂದು ನಿಂತಿದ್ದವು. ಕಂಬದೊಳಗೆ ರೊಟ್ಟಿಗಳ ನಡುವಿನ ಅಂತರಕ್ಕೆ ಶಿಸ್ತಿಲ್ಲ, ಕಂಬಗಳ ಸಾಲಿಗೆ ಶಿಸ್ತಿದೆ. ಒಂದು ದಿಕ್ಕಿನಲ್ಲಿ ದ್ರವ, ಉಳಿದೆರಡು ದಿಕ್ಕುಗಳಲ್ಲಿ ಸ್ಫಟಿಕ.

ಶುದ್ಧ ಸಂಯುಕ್ತವೊಂದರಲ್ಲಿ ತಟ್ಟೆಯಾಕಾರದ ಅಣುಗಳ ದ್ರವಸ್ಫಟಿಕ ಜಗತ್ತಿನಲ್ಲಿ ಮೊದಲು ಕಂಡದ್ದು ಹೀಗೆ, ಬೆಂಗಳೂರಿನಲ್ಲಿ. ಪ್ರಕಟವಾದದ್ದೂ ಭಾರತದ ಪತ್ರಿಕೆಯಲ್ಲಿಯೇ. 1973ರಲ್ಲಷ್ಟೇ ಆರಂಭವಾಗಿದ್ದ 'ಪ್ರಮಾಣ'ದ ಪುಟಗಳಲ್ಲಿ ಅದು ಕೆಲವೇ ಪುಟಗಳ ಚಿಕ್ಕ ಪ್ರಬಂಧ. ಒಳ್ಳೆಯ ಫಲಿತಾಂಶ ಸಿಕ್ಕೊಡನೆ ಲಂಡನ್ನಿಗೋ ನ್ಯೂಯಾರ್ಕಿಗೋ ಅಂಚೆ ಹಾಕುವುದು ಆಗಿನ ರೂಢಿ, ಈಗಿನದೂ ಹೌದು. ಇಲ್ಲಿಯ ಪತ್ರಿಕೆಯಲ್ಲಿ ಬಂದರೂ ಲೋಕ ಅದನ್ನು ಹುಡುಕಿಕೊಂಡು ಓದಿತು. ತಟ್ಟೆ ದ್ರವಸ್ಫಟಿಕಗಳ ಮೇಲೆ ಅನೇಕ ದೇಶಗಳ ಪ್ರಯೋಗಾಲಯಗಳಲ್ಲಿ ನಡೆದ ಕೆಲಸವೆಲ್ಲ ಆ ಪ್ರಬಂಧದಿಂದಲೇ ಕವಲೊಡೆದದ್ದು. ಅದೇ 1977ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಮುದ್ರಣಾಲಯದಿಂದ ಬಂದ ಅವರ ದ್ರವಸ್ಫಟಿಕಗಳ ಗ್ರಂಥ ರಷ್ಯನ್ ಮತ್ತು ಜಪಾನಿ ಭಾಷೆಗಳಿಗೂ ಹೋಯಿತು. 1992ರಲ್ಲಿ ಅದರ ಎರಡನೆಯ ಆವೃತ್ತಿ ಬಂದಿತು.

ಜಪಾನಿಗೆ ಹೋದದ್ದು ಗ್ರಂಥ ಮಾತ್ರವಲ್ಲ. ಹಳೆಯ ಕಂಪ್ಯೂಟರ್ ಪರದೆಗಳನ್ನು ಪಕ್ಕದಿಂದ ನೋಡಿದರೆ ಚಿತ್ರ ಕಪ್ಪಾಗುತ್ತಿದ್ದುದು, ಬಣ್ಣ ತಿರುಗುಮುರುಗಾಗುತ್ತಿದ್ದುದು ಓದುಗರಿಗೆ ನೆನಪಿರಬಹುದು. 1990ರ ದಶಕದ ನಡುವೆ ಜಪಾನಿನ ಫ್ಯೂಜಿ ಕಂಪನಿ ಆ ದೋಷವನ್ನು ಬಹುಮಟ್ಟಿಗೆ ನೀಗುವ ತೆಳು ಹಾಳೆಯೊಂದನ್ನು ಮಾರುಕಟ್ಟೆಗೆ ತಂದಿತು. ಆ ಹಾಳೆಯಲ್ಲಿ ಇದ್ದದ್ದು ತಟ್ಟೆಯಾಕಾರದ ದ್ರವಸ್ಫಟಿಕ. ಅದನ್ನು ಹೊತ್ತ ಪರದೆಗಳು ಲೋಕದ ಮೇಜುಗಳನ್ನೆಲ್ಲ ತುಂಬಿದವು. ಬೆಳಗಾವಿಯ ನಮ್ಮ ಕಾಲೇಜಿಗೆ ಚಪ್ಪಟೆ ಪರದೆಯ ಮೊದಲ ಕಂಪ್ಯೂಟರ್ ಬಂದ ದಿನ ನಾವೆಲ್ಲ ಸುತ್ತ ನಿಂತು ಮುಟ್ಟಿ ನೋಡಿದ್ದೆವು. ಆಗಲೂ ನನಗೆ ಈ ಸಂಗತಿ ತಿಳಿದಿರಲಿಲ್ಲ.

ರಾಮನ್ ಸಂಸ್ಥೆಯಿಂದ 1990ರಲ್ಲಿ ನಿವೃತ್ತರಾದಾಗ ಅವರಿಗೆ ಅರವತ್ತು. ಅದೇ ವೇಳೆಗೆ ಹೊಸದಾಗಿ ಹುಟ್ಟಿದ ಅಂತರರಾಷ್ಟ್ರೀಯ ದ್ರವಸ್ಫಟಿಕ ಸಂಘಕ್ಕೆ ಅವರೇ ಮೊದಲ ಅಧ್ಯಕ್ಷರು. ಆ ವಯಸ್ಸಿಗೆ ಆ ಗೌರವವನ್ನು ಹೊದ್ದು ಕುಳಿತಿದ್ದರೆ ಯಾರೂ ತಪ್ಪು ಹುಡುಕುತ್ತಿರಲಿಲ್ಲ. 1991ರಲ್ಲಿ ಅವರು ಮತ್ತೆ ಮೈಸೂರಿನ 1961ಕ್ಕೇ ಹೋದಂತೆ, ಮೊದಲಿನಿಂದ ಆರಂಭಿಸಿದರು. ಬೆಂಗಳೂರಿನ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ನೆರವಿನಿಂದ ದ್ರವಸ್ಫಟಿಕಗಳಿಗಾಗಿಯೇ ಒಂದು ಸಂಶೋಧನಾ ಕೇಂದ್ರ ತೆರೆದರು. ಮೊದಲು ನೋಂದಾಯಿತ ಸಂಘವಾಗಿದ್ದ ಅದು 1995ರಲ್ಲಿ ಕೇಂದ್ರ ಸರ್ಕಾರದ ಸ್ವಾಯತ್ತ ಸಂಸ್ಥೆಯಾಯಿತು. ಸಂಶೋಧಕನೂ ಕಾರ್ಖಾನೆಯೂ ಒಂದೇ ಬೇಲಿಯ ಆಸುಪಾಸಿನಲ್ಲಿದ್ದರೆ ಒಬ್ಬರ ಅರಿವು ಇನ್ನೊಬ್ಬರ ಕೈಗೆ ದಾಟೀತು ಎಂಬ ಆಸೆ ಜಾಲಹಳ್ಳಿಯನ್ನು ಆರಿಸಿಕೊಂಡುದರಲ್ಲಿ ಇದ್ದಿರಬೇಕೆಂದು ನನ್ನ ಊಹೆ. ಆ ಆಸೆ ಎಷ್ಟು ಕೈಗೂಡಿತು ಎಂದು ಕೇಳಿದರೆ ಉತ್ತರ ಹೆಮ್ಮೆಯದಲ್ಲ. ಸಂಶೋಧನೆ ಬೆಳೆಯಿತು, ಕಾರ್ಖಾನೆಗಳು ಜಪಾನ್, ಕೊರಿಯ, ತೈವಾನ್, ಕೊನೆಗೆ ಚೀನಾದಲ್ಲಿ ಬೆಳೆದವು. ದೋಷ ವಿಜ್ಞಾನಿಗಳದೇ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪರದೆಯ ಕಾರ್ಖಾನೆ ಕಟ್ಟಲು ಬೇಕಾದದ್ದು ಅಪಾರ ಬಂಡವಾಳ, ದಶಕಗಳ ತಾಳ್ಮೆ. ಅದನ್ನು ಪ್ರಾಧ್ಯಾಪಕನೊಬ್ಬ ತನ್ನ ಜೇಬಿನಿಂದ ತೆಗೆದುಕೊಡಲಾರ.

ವೈನಿಯವರ ಕಿಟಕಿಗೆ ಮರಳುತ್ತೇನೆ. ಅದನ್ನು ಚಂದ್ರಶೇಖರ್ ಕಂಡುಹಿಡಿದರೆಂದು ಹೇಳಿದರೆ ನಾನು 1983ರ ತಪ್ಪನ್ನೇ ಇನ್ನೊಂದು ರೂಪದಲ್ಲಿ ಮಾಡಿದಂತಾಗುತ್ತದೆ. ಈ ಗಾಜು 1980ರ ದಶಕದಲ್ಲಿ ಅಮೆರಿಕದಲ್ಲಿ, ಜೇಮ್ಸ್ ಫರ್ಗಸನ್ ಮತ್ತು ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದ ವಿಲಿಯಂ ಡೋನ್ ಮೊದಲಾದವರ ಕೈಯಲ್ಲಿ ರೂಪುಗೊಂಡಿತು. ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ಕಿನ ತೆಳು ಪದರ, ಅದರೊಳಗೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ದ್ರವಸ್ಫಟಿಕದ ಹನಿಗಳು. ವಿದ್ಯುತ್ ಇಲ್ಲದಾಗ ಒಂದೊಂದು ಹನಿಯೊಳಗಿನ ಅಣುಗಳೂ ಒಂದೊಂದು ದಿಕ್ಕಿಗೆ. ಹಾಗಾಗಿ ಹನಿಯ ವಕ್ರೀಭವನ ಸೂಚ್ಯಂಕಕ್ಕೂ ಸುತ್ತಲಿನ ಪ್ಲಾಸ್ಟಿಕ್ಕಿನದಕ್ಕೂ ಹೊಂದಿಕೆಯಾಗದೆ ಬೆಳಕು ಹನಿಹನಿಗೂ ಚದುರುತ್ತದೆ. ಹಾಲು ಬೆಳ್ಳಗೆ ಕಾಣುವುದೂ, ಚೋರ್ಲಾ ಘಾಟಿನಲ್ಲಿ ಮಂಜು ಎದುರಿನ ರಸ್ತೆಯನ್ನು ಮರೆಮಾಡುವುದೂ ಇಂಥ ಚದುರುವಿಕೆಯಿಂದಲೇ. ವಿದ್ಯುತ್ ಹಾಯಿಸಿದೊಡನೆ ಅಣುಗಳೆಲ್ಲ ಗಾಜಿಗೆ ಲಂಬವಾಗಿ ನಿಲ್ಲುತ್ತವೆ. ಆ ನಿಲುವಿನಲ್ಲಿ ಹನಿಗೂ ಪ್ಲಾಸ್ಟಿಕ್ಕಿಗೂ ಸೂಚ್ಯಂಕ ಒಂದೇ ಆಗುವಂತೆ ಮೊದಲೇ ಆರಿಸಿರುತ್ತಾರೆ. ಬೆಳಕು ನೇರ ಸಾಗುತ್ತದೆ, ಗಾಜು ತಿಳಿಯಾಗುತ್ತದೆ. ವಿದ್ಯುತ್ ಹೋದಾಗ ಆಸ್ಪತ್ರೆಯ ಗಾಜು ತಾನೇ ಮಂಜಾದದ್ದು ಇದಕ್ಕಾಗಿ. ಇದನ್ನು ಮಾರುವವರು ಬಿಸಿಲ ಝಳವನ್ನೂ ತಡೆಯುತ್ತದೆ ಎನ್ನುವುದುಂಟು. ಚದುರಿದ ಬೆಳಕಿನ ಬಹುಪಾಲು ಒಳಗೇ ಬರುವುದರಿಂದ ಈ ಬಗೆಯ ಗಾಜು ಮರೆಗೆ ಒಳ್ಳೆಯದು, ತಂಪಿಗೆ ಅಷ್ಟಲ್ಲ. ನಮ್ಮ ಊರು 2016ರಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿ ಸೇರಿದ ಮೇಲೆ ಕಿಟಕಿಗೂ ಆ ವಿಶೇಷಣ ಅಂಟಿದೆ. ಜಾಣ ಕಿಟಕಿ ಎಂದಾಗಲೆಲ್ಲ ಅದಕ್ಕೆ ಏನು ಗೊತ್ತು, ಏನು ಗೊತ್ತಿಲ್ಲ ಎಂದು ಕೇಳುವುದು ಒಳ್ಳೆಯದು.

ಆದರೆ ಕಿಟಕಿಯ ಕಥೆ ಜಾಲಹಳ್ಳಿಯ ಕೇಂದ್ರವನ್ನು ಬಿಟ್ಟುಹೋಗಲಿಲ್ಲ. ಈ ಗಾಜಿಗೆ ವಿದ್ಯುತ್ತನ್ನು ಹಾಯಿಸುವ, ಆದರೆ ಬೆಳಕನ್ನು ತಡೆಯದ ಲೇಪ ಬೇಕು. ಸಾಮಾನ್ಯವಾಗಿ ಅದಕ್ಕೆ ಇಂಡಿಯಂ ಎಂಬ ವಿರಳ, ದುಬಾರಿ ಲೋಹದ ಆಕ್ಸೈಡನ್ನು ಬಳಸುತ್ತಾರೆ. ಅದೇ ಕೇಂದ್ರದ ನಿರ್ದೇಶಕರಾಗಿದ್ದ ಜಿ.ಯು. ಕುಲಕರ್ಣಿ ಮತ್ತು ಅವರ ತಂಡದವರು ಬದಲಿಗೆ ಅತಿ ಸೂಕ್ಷ್ಮ ಲೋಹದ ಬಲೆಯ ಲೇಪವನ್ನು ರೂಪಿಸಿದರು. ಬಲೆ ನೇಯುವ ವಿಧಾನವನ್ನು ಓದಿದಾಗ ನಾನು ಬೆರಗಾದೆ. ಗಾಜಿನ ಮೇಲೆ ಒಂದು ದ್ರವ ಸವರಿ ಒಣಗಲು ಬಿಡುವುದು. ಒಣಗಿದ ಪದರ ತಾನಾಗಿಯೇ ಬಿರಿಯುತ್ತದೆ. ಬಿರುಕುಗಳೊಳಗೆ ಲೋಹ ಕೂರಿಸಿ ಮೇಲಿನ ಪದರವನ್ನು ತೊಳೆದರೆ ಬಿರುಕಿನ ಆಕಾರದ ಬಲೆ ಉಳಿಯುತ್ತದೆ. ಖಾನಾಪುರ ಹೆಂಚಿಗೂ ಕುಂಬಾರಿಕೆಗೂ ಹೆಸರಾದ ಊರು. ಅಲ್ಲಿ ಮಣ್ಣು ಬಿರಿಯದಂತೆ ನೋಡಿಕೊಳ್ಳುವುದೇ ಕಸುಬಿನ ಮೊದಲ ಪಾಠ. ಬಿರುಕನ್ನೇ ಕೆಲಸಕ್ಕೆ ಹಚ್ಚಿದವರನ್ನು ಕಂಡರೆ ನಮ್ಮ ಕುಂಬಾರರು ಏನೆನ್ನುತ್ತಿದ್ದರೋ!

ಚಂದ್ರಶೇಖರ್ ಅವರಿಗೆ 1972ರಲ್ಲಿ ಭಟ್ನಾಗರ್ ಪ್ರಶಸ್ತಿ, 1994ರಲ್ಲಿ ರಾಯಲ್ ಪದಕ, 1998ರಲ್ಲಿ ಪದ್ಮಭೂಷಣ ಬಂದವು. 2003ರ ಡಿಸೆಂಬರಿನಲ್ಲಿ ಅಣ್ಣ ರಾಮಶೇಷನ್ ತೀರಿಕೊಂಡರು. ಮೂರು ತಿಂಗಳು ತುಂಬುವ ಮುನ್ನ, 2004ರ ಮಾರ್ಚ್ 8ರಂದು ಬೆಂಗಳೂರಿನಲ್ಲಿ ಚಂದ್ರಶೇಖರ್ ಕೂಡ ಹೊರಟುಹೋದರು. ಅವರು ಕಟ್ಟಿದ ಕೇಂದ್ರದ ಹೆಸರು ಎರಡು ಸಲ ಬದಲಾಗಿ, ಈಗ ನ್ಯಾನೊ ಮತ್ತು ಮೃದು ವಸ್ತುಗಳ ವಿಜ್ಞಾನ ಕೇಂದ್ರವಾಗಿದೆ. ದ್ರವಸ್ಫಟಿಕ ಎಂಬ ಪದವೇ ಆ ಹೆಸರಿನಲ್ಲಿ ಉಳಿದಿಲ್ಲ. ವಿಜ್ಞಾನ ಹಿಗ್ಗಿದಂತೆ ಫಲಕಗಳು ಬದಲಾಗುವುದು ಸಹಜವೇ ಇರಬಹುದು. ನನಗೆ ಮಾತ್ರ ಸ್ವಲ್ಪ ಕಸಿವಿಸಿಯಾಗುತ್ತದೆ.

ವೈನಿ ಮನೆಗೆ ಮರಳಿದ ಮೇಲೆ ಅವರನ್ನು ನೋಡಲು ಖಾನಾಪುರಕ್ಕೆ ಹೋಗಿದ್ದೆ. ಗಡಿಯಾರದ ಹುಡುಗ ಅಲ್ಲಿಯೇ ಇದ್ದಾನೆಂದು ಗೊತ್ತಿತ್ತು. ತಾಲ್ಲೂಕಿನ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟರಾಗಿದ್ದು ಈಗ ನಿವೃತ್ತನಾಗಿದ್ದಾನೆ. ಮನೆ ಹುಡುಕಿ ಹೋದೆ. ಚಹಾ ಕುಡಿಯುತ್ತ, 1983ರಲ್ಲಿ ತಪ್ಪು ಹೇಳಿದ್ದೆನೆಂದು ಒಪ್ಪಿಕೊಂಡು, ಇಬ್ಬರು ಚಂದ್ರಶೇಖರರ ಕಥೆಯನ್ನು ಮೊದಲಿನಿಂದ ಹೇಳಿದೆ. ಅವನು ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ ನಾಚಿಕೊಂಡು, ಮೂವತ್ತು ವರ್ಷ ತಾನೂ ತನ್ನ ಮಕ್ಕಳಿಗೆ ಅದನ್ನೇ ಹೇಳುತ್ತ ಬಂದದ್ದಾಗಿ ಹೇಳಿದ.